ಆಲೂಗಡ್ಡೆಯ ನೆಲಮಾಳಿಗೆಗಳ ಹಿಂದೆ ಬಿದ್ದು

ಆಲೂಗಡ್ಡೆ ಇಡುವ ಒಂದು ಕೋಣೆಗಾಗಿ ಯಾರಾದರೂ ತಿಂಗಳುಗಟ್ಟಲೆ ಜಗಳವಾಡುತ್ತಾರೆಯೇ ಎಂದು ನನ್ನ ಗಂಡ ಇವತ್ತಿಗೂ ನಗುತ್ತಾರೆ. ಆಡುತ್ತಾರೆ. ನಾನು ಆಡಿದ್ದೇನೆ. ಒಮ್ಮೆ ಗೆದ್ದಿದ್ದೇನೆ, ಒಮ್ಮೆ ತಲೆ ಎತ್ತಲಾಗದ ಹಾಗೆ ಸೋತಿದ್ದೇನೆ, ಎರಡನ್ನೂ ಹೇಳದೆ ನನಗೆ ನಿದ್ದೆ ಹತ್ತುವುದಿಲ್ಲ.

ಬರೆಯಲು ಹಚ್ಚಿದವಳು ಸ್ಮಿತಾ. ಮೈಸೂರಿನ ಹುಡುಗಿ, ಮೆಲ್ಬರ್ನಿಗೆ ಓದಲು ಬಂದು, ಪಿಆರ್, ಅಂದರೆ ಇಲ್ಲೇ ನೆಲೆಸುವ ಪರವಾನಗಿ, ಸಿಕ್ಕ ಮೇಲೆ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವಳು. ಈಗ ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ. ನಾನು ನಿವೃತ್ತಳಾದ ಮರುವಾರ ಕ್ರೇಗಿಬರ್ನ್‌ನ ನಮ್ಮ ಮನೆಗೆ ಬಂದು, ಉಪ್ಪಿಟ್ಟು ತಿನ್ನುತ್ತಾ, "ಆಂಟಿ, ನಿಮ್ ಸ್ಟೋರೀಸ್ ಎಲ್ಲಾ ಬರ್ದುಬಿಡಿ ಪ್ಲೀಸ್. ಹೊಸಬ್ರು ಇಬ್ರು ಜಾಯಿನ್ ಆಗಿದಾರೆ. ಅವ್ರಿಗೆ ಸಾಫ್ಟ್‌ವೇರ್ ಎಲ್ಲಾ ಬರತ್ತೆ, ಹಳೇ ಮನೆ ಮುಂದೆ ನಿಂತ್ರೆ ಏನ್ ನೋಡ್ಬೇಕು ಅಂತ ಗೊತ್ತಾಗಲ್ಲ" ಎಂದಳು. ಆದ್ದರಿಂದ ಇದು ಆ ಇಬ್ಬರಿಗೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಮಿತಿಯಲ್ಲಿದ್ದೆ ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ.

ನಮ್ಮ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಯಾರಾದರೂ ಹಳೆಯ ಕಟ್ಟಡವೊಂದನ್ನು ಕೆಡವಲು ಅರ್ಜಿ ಹಾಕಿದರೆ, ಅದನ್ನು ನೋಡಿ, ಉಳಿಸಲು ಯೋಗ್ಯವೋ ಅಲ್ಲವೋ ಎಂದು ಕೌನ್ಸಿಲ್‌ಗೆ, ಅಂದರೆ ಇಲ್ಲಿಯ ಪುರಸಭೆಗೆ, ವರದಿ ಬರೆಯುವುದು. ನಾನು ಈ ಕೆಲಸ ಶುರು ಮಾಡಿದ್ದು ಸಿಡ್ನಿಯಲ್ಲಿ. ಪ್ಯಾರಮಟ್ಟಾದಲ್ಲಿ ರೆಂಟ್‌ಗಿದ್ದೆವು, ಆಫೀಸು ಇನ್ನೂ ಪಶ್ಚಿಮಕ್ಕೆ, ಊರು ಮುಗಿದು ಹೊಲ ಶುರುವಾಗುವ ಕಡೆ. ನನ್ನ ಮೇಲಧಿಕಾರಿಯ ಹೆಸರು ಗ್ರಹಾಂ. ಎತ್ತರದ ಮನುಷ್ಯ, ಕಡಿಮೆ ಮಾತು. ಮೊದಲ ದಿನವೇ ಹೇಳಿದ: "ಹೋದ ಮನೆಯಲ್ಲಿ ಮೊದಲು ಟೀ ಕುಡಿ. ಟೇಪು ಆಮೇಲೆ ಹಿಡಿ." (ಇಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ ಮಾತನ್ನೆಲ್ಲ ನಾನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.) ಟೀ ಕುಡಿಯುವುದು ಸೌಜನ್ಯಕ್ಕೆ ಎಂದು ನಾನು ತಿಳಿದೆ. ಅದು ತಪ್ಪು ಎಂದು ಗೊತ್ತಾಗಲು ಒಂದು ಚೀಲ ಕೊಳೆತ ಆಲೂಗಡ್ಡೆ ಬೇಕಾಯಿತು.

ನಾನು ಕಂಡ ಮೊದಲ ನೆಲಮಾಳಿಗೆ ಕೆನ್ ಎಂಬ ರೈತನದು. ಮನೆಯ ಹಿಂದಿನ ದಿಬ್ಬದ ಹೊಟ್ಟೆ ಕೊರೆದು ಮಾಡಿದ ಕೋಣೆ. ಹನ್ನೊಂದು ಮೆಟ್ಟಿಲು, ದಪ್ಪ ಮರದ ಬಾಗಿಲು, ಸುಣ್ಣ ಬಳಿದ ಕಲ್ಲಿನ ಗೋಡೆ, ಎರಡೂ ಬದಿಗೆ ಹಲಗೆ. ಫ್ರಿಜ್ ಇಲ್ಲದ ಕಾಲದಲ್ಲಿ ಹಳ್ಳಿಗಾಡಿನ ಜನ ಶರತ್ಕಾಲದ ಆಲೂಗಡ್ಡೆ, ಗಜ್ಜರಿ, ಕುಂಬಳ, ಸೇಬುಗಳನ್ನು ಇಂಥ ಕೋಣೆಯಲ್ಲಿಟ್ಟು ವಸಂತದವರೆಗೆ ಉಣ್ಣುತ್ತಿದ್ದರು. ಇದಕ್ಕೆ ಇಲ್ಲಿ ರೂಟ್ ಸೆಲ್ಲರ್ ಅನ್ನುತ್ತಾರೆ. ಕೆನ್ ಮಾತ್ರ ಇನ್ನೂ ಹಾಗೆಯೇ ಇಡುತ್ತಿದ್ದ. ಬಾಗಿಲು ತೆರೆದು ಒಳಗಿನ ತಂಪು ಮುಖಕ್ಕೆ ಬಡಿದಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಇದು ನಮ್ಮ ಹಗೇವು.

ನಾನು ನವಲಗುಂದದ ಕಡೆಯವಳು. ನಮ್ಮಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಓಣಿಯ ನಡುವೆಯೇ ನೆಲದೊಳಗೆ ದೊಡ್ಡ ಹೂಜಿಯ ಆಕಾರದ ಗುಂಡಿ. ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಒಂದು ಇರುವೆ ಹೋಗದ ಹಾಗೆ ಮಣ್ಣು ಮೆತ್ತುವುದು. ಗಾಳಿ ಸತ್ತರೆ ಹುಳ ಸತ್ತಂತೆ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅದನ್ನು ತೆರೆದ ದಿನವೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಉರಿದರೆ ಮನುಷ್ಯ ಇಳಿಯುವುದು.

ಇಷ್ಟು ಗೊತ್ತಿದ್ದವಳಿಗೆ ಸೊಕ್ಕು ಬರದೆ ಇರುತ್ತದೆಯೇ? ಕೆನ್‌ನ ಮಾಳಿಗೆಯ ಸೂರಿನಲ್ಲಿ ಮಣ್ಣಿನ ಕೊಳವೆಯೊಂದಿತ್ತು, ಮೇಲ್ತುದಿ ಒಡೆದು ಮಳೆನೀರು ಒಳಗೆ ಸೋರುತ್ತಿತ್ತು. ಬಾಗಿಲಿನಲ್ಲಿ ಬೆರಳು ತೂರುವಷ್ಟು ಸಂದು. ಕೆನ್ ಟೀ ಕೊಟ್ಟ, ನಾನು ಭಾಷಣ ಕೊಟ್ಟೆ. ನಮ್ಮ ಊರು, ತಲೆತಲಾಂತರದ ಜ್ಞಾನ, ಗಾಳಿ ಎಂಬ ಶತ್ರು. ಕೊಳವೆ ಮುಚ್ಚಿಸು, ಸಂದಿಗೆಲ್ಲ ಜೇಡಿಮಣ್ಣು ಮೆತ್ತು ಎಂದೆ. ವರದಿಯಲ್ಲೂ ಎರಡು ಪುಟ ಬರೆದೆ. ಕೆನ್ ಏನೋ ಹೇಳಲು ಬಾಯಿ ತೆರೆದಿದ್ದ, ನಾನು ಬಿಡಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು.

ಆರು ವಾರದ ಮೇಲೆ ಅವನು ಆಫೀಸಿಗೆ ಬಂದು ಕೌಂಟರಿನ ಮೇಲೆ ಒಂದು ಚೀಲ ಇಟ್ಟ. ಅರ್ಜಿ ಹಿಡಿದು ನಿಂತಿದ್ದವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಆ ವರ್ಷದ ಅವನ ಇಡೀ ಸಂಗ್ರಹ ನೀರಾಗಿ, ಮೊಳಕೆಯಾಗಿ, ಬೂಜಾಗಿ ಹೋಗಿತ್ತು. ಗೋಡೆಯ ಸುಣ್ಣ ಹಪ್ಪಳದ ಹಾಗೆ ಎದ್ದು ಉದುರಿತ್ತು. ಕೆನ್ ಬೈಯಲಿಲ್ಲ. "ನೀವು ಹೇಳಿದ ಹಾಗೇ ಮಾಡಿದೆ" ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಗ್ರಹಾಂ ನನ್ನನ್ನು ಒಳಗೆ ಕರೆದ. "ಅವನ ಮನೆಯಲ್ಲಿ ಟೀ ಕುಡಿದಿದ್ದೆಯಾ?"

"ಕುಡಿದಿದ್ದೆ."

"ಆಗ ಮಾತಾಡಿದ್ದು ಯಾರು?"

"ನಾನು" ಎಂದೆ. ಅವನು ತಲೆಯಾಡಿಸಿ ತನ್ನ ಫೈಲು ನೋಡತೊಡಗಿದ. ಅಷ್ಟೇ ವಿಚಾರಣೆ.

ಅವತ್ತು ಸಂಜೆ ಊರಿಗೆ ಫೋನು ಮಾಡಿ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಎಲ್ಲ ಹೇಳಿದೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಮನೆಯ ಕಾಳುಕಡಿಯ ಯಜಮಾನಿಕೆ ಆಕೆಯದು. ನಕ್ಕು ನಕ್ಕು ಆಮೇಲೆ ಹೇಳಿದಳು: "ಅಯ್ಯ ಹುಚ್ಚಿ, ಜ್ವಾಳ ಒಣಗಿದ ಕಾಳು, ಹೂಳಿದ್ರ ನಡೀತದ. ಉಳ್ಳಾಗಡ್ಡಿ ನಾವು ಎಲ್ಲಿ ಇಡ್ತೀವಿ? ಗಾಳಿ ಆಡೂ ಕಡೆ. ಗಡ್ಡಿ ಅಂದ್ರ ಜೀವ ಇದ್ದದ್ದು, ಅದಕ್ಕ ಉಸಿರು ಬೇಕು. ನೀ ಅದರ ಮೂಗು ಒತ್ತಿ ಹಿಡದು ಯಾಕ ಸತ್ತತು ಅಂತ ಕೇಳಾಕತ್ತೀಯಲ್ಲ."

ನಮ್ಮದೇ ಹಿತ್ತಲಿನಲ್ಲಿ ಉಳ್ಳಾಗಡ್ಡಿಯ ಚಪ್ಪರ ನೋಡುತ್ತ ಬೆಳೆದವಳು ನಾನು. ಆದರೆ ನೆಲದ ಕೆಳಗಿನ ಕೋಣೆ ಕಂಡ ಕೂಡಲೇ ಹಗೇವು ಒಂದೇ ನೆನಪಾಯಿತು. ಮರುಶನಿವಾರ ಹೊಸ ಕೊಳವೆ ಕೊಂಡೊಯ್ದು, ಕೆನ್‌ನ ಜೊತೆ ಮಾಳಿಗೆಯ ಸೂರು ಹತ್ತಿ, ನಾನೇ ಮುಚ್ಚಿಸಿದ್ದನ್ನು ನಾನೇ ಒಡೆದೆ. ಗೋಡೆಗೆ ಸುಣ್ಣವನ್ನೂ ಬಳಿದೆ, ವಾರಗಟ್ಟಲೆ ಉಗುರಿನಿಂದ ಬಿಳಿ ಹೋಗಲಿಲ್ಲ. ಅವತ್ತು ಟೀ ಕುಡಿಯುವಾಗ ನಾನು ಬಾಯಿ ಬಿಡಲಿಲ್ಲ. ತಣ್ಣನೆಯ ಗಾಳಿ ಬಾಗಿಲ ಸಂದಿನಿಂದ ಕೆಳಗೆ ಬರುತ್ತದೆ, ಬೆಚ್ಚನೆಯದು ಕೊಳವೆಯಿಂದ ಮೇಲೆ ಹೋಗುತ್ತದೆ, ಸಂದು ಇರುವುದು ಬಡಗಿಯ ತಪ್ಪಿನಿಂದಲ್ಲ ಎಂದು ಕೆನ್ ಹೇಳಿದ. ಮೊದಲ ಸಲವೇ ಹೇಳಲು ಹೊರಟಿದ್ದ ಮಾತು ಅದು.

ಹಗೇವಿನ ದೀಪ ಮಾತ್ರ ನನ್ನ ಮಾನ ಉಳಿಸಿತು. ಎಷ್ಟೋ ವರ್ಷದಿಂದ ಮುಚ್ಚಿದ್ದ ಇನ್ನೊಂದು ಮಾಳಿಗೆಗೆ ಗ್ರಹಾಂ ಮತ್ತು ನಾನು ಹೋಗಿದ್ದೆವು. ನಾನು ಲಾಟೀನಿಗೆ ಹಗ್ಗ ಕಟ್ಟುವುದನ್ನು ನೋಡಿ ಅವನು, "ಪೂಜೆ ಮುಗಿದ ಮೇಲೆ ಹೇಳು" ಎಂದು ಕೈಕಟ್ಟಿ ನಿಂತ. ಲಾಟೀನು ಐದನೆಯ ಮೆಟ್ಟಿಲು ದಾಟಿದ್ದೇ ತಡ, ಆರಿಹೋಯಿತು. ಮೇಲೆಳೆದು ಮತ್ತೆ ಹಚ್ಚಿ ಇಳಿಬಿಟ್ಟೆ, ಮತ್ತೆ ಆರಿತು. ಕೆಳಗೆ ಕೊಳೆತ ಗಡ್ಡೆಗಳ ರಾಶಿ ಇತ್ತು, ಗಾಳಿ ಇರಲಿಲ್ಲ. ಗ್ರಹಾಂ ಒಂದು ಹೆಜ್ಜೆ ಹಿಂದೆ ಸರಿದು ಹುಲ್ಲಿನ ಮೇಲೆ ಕೂತುಬಿಟ್ಟ. ಸೋಮವಾರ ಆಫೀಸಿನ ಗೋಡೆಯ ಮೇಲೆ ಹೊಸ ನಿಯಮ ಬಂತು: ಬಾಗಿಲು ತೆರೆದು ಒಂದು ದಿನ ಬಿಡದೆ, ದೀಪ ಇಳಿಸದೆ ಯಾರೂ ಇಳಿಯತಕ್ಕದ್ದಲ್ಲ. ಈಗ ದೀಪದ ಜಾಗದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರ್ ಇದೆ. ಹೊಸಬರೇ, ಮೀಟರ್ ಕೂಗಿದರೆ ಹೊರಗೆ ಓಡಿ, ಫೋಟೋ ಆಮೇಲೆ ತೆಗೆಯಬಹುದು.

ಬದಲಾದದ್ದು ಅದೊಂದೇ ಅಲ್ಲ. ನಾನು ಗ್ರಾಫ್ ಹಾಳೆ, ಟೇಪು, ಮೂವತ್ತಾರು ಚಿತ್ರದ ರೀಲು ಹಿಡಿದು ಹೊರಡುತ್ತಿದ್ದೆ. ಒಂದು ಮಾಳಿಗೆ ಅಳೆಯಲು ಇಡೀ ದಿನ, ಮಂಡಿಯೆಲ್ಲ ತೇವ. ಇವತ್ತು ಲೇಸರ್ ಸ್ಕ್ಯಾನರನ್ನು ನಡುವೆ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಕಲ್ಲುಕಲ್ಲೂ ಕಂಪ್ಯೂಟರಿಗೆ ಬಂದು ಕೂರುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ, ಅದನ್ನು ಮೊದಲು ಕಂಡ ದಿನ ನಾನು ಮಗುವಿನ ಹಾಗೆ ಸ್ಕ್ಯಾನರಿನ ಸುತ್ತ ತಿರುಗಿದ್ದೆ. ಆದರೆ ಹಲಗೆಯ ಮೇಲೆ ಏನಿಡುತ್ತಿದ್ದರು, ಯಾರದನ್ನು ಇಡುತ್ತಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಟೀ ಬೇಕು.

ಇನ್ನು ಮೆಲ್ಬರ್ನ್. ಗಂಡನ ಕೆಲಸಕ್ಕಾಗಿ ಬಂದು, ಮಾರ್ಟ್‌ಗೇಜ್ ಹೊತ್ತು ಕ್ರೇಗಿಬರ್ನ್‌ನಲ್ಲಿ ಮನೆ ಕೊಂಡೆವು. ಬೆಳೆಯುತ್ತಿರುವ ಒಂದು ಸಬರ್ಬ್‌ನ ಆಚೆಯ ಕೌನ್ಸಿಲ್‌ನಲ್ಲಿ ನನಗೆ ಅದೇ ಕೆಲಸ ಸಿಕ್ಕಿತು. ಇಲ್ಲಿ ಹೊಲಗಳು ಕಣ್ಣೆದುರೇ ಎಸ್ಟೇಟುಗಳೆಂಬ ಮನೆಗಳ ಬಡಾವಣೆಗಳಾಗುತ್ತಿದ್ದವು. ಅಂಥ ಒಂದು ಹೊಲದ ಅಂಚಿನಲ್ಲಿ ಮಾರ್ಗರೆಟ್ ಇದ್ದರು. ವಯಸ್ಸು ಎಂಬತ್ತು ದಾಟಿತ್ತು, ಮಂಡಿ ಕೆಟ್ಟಿತ್ತು, ನಾಲಿಗೆ ಚುರುಕಾಗಿತ್ತು. ಜಮೀನು ಮಾರಿಯಾಗಿತ್ತು, ಮನೆಯನ್ನೂ. ಕೆಲವು ತಿಂಗಳಲ್ಲಿ ಊರಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದರು. ಅವರಿಗೆ ಬೇಕಿದ್ದದ್ದು ಒಂದೇ, ಹಿತ್ತಲಿನ ಕರಿಗಲ್ಲಿನ ನೆಲಮಾಳಿಗೆಯನ್ನು ಮುಚ್ಚಬಾರದು. ಎಸ್ಟೇಟಿನ ನಕ್ಷೆಯಲ್ಲಿ ಆ ಜಾಗದಲ್ಲಿ ಮಳೆನೀರಿನ ಚರಂಡಿ ಬರುತ್ತಿತ್ತು, ಮಾಳಿಗೆಗೆ ಕಾಂಕ್ರೀಟು ಸುರಿಯುವುದೆಂದು ಬರೆದಿತ್ತು.

"ಮನೆ ಹೋಗಲಿ. ಅದು ಅಪ್ಪ ಕಟ್ಟಿದ ಸಾಮಾನ್ಯ ಮನೆ" ಎಂದರು ಮಾರ್ಗರೆಟ್, ಟೀ ಸುರಿಯುತ್ತಾ. "ಆ ಮಾಳಿಗೆ ನಮ್ಮದೊಬ್ಬರದಲ್ಲ. ಸುತ್ತಲಿನ ಐದು ಮನೆಗೆ ಒಂದೊಂದು ಹಲಗೆ. ಕೆಟ್ಟ ವರ್ಷಗಳಲ್ಲಿ ನಮ್ಮ ಹಲಗೆ ಬರಿದಾಗಿ, ಪಕ್ಕದವರ ಹಲಗೆ ತುಂಬಿರುತ್ತಿತ್ತು. ಬಾಗಿಲಿಗೆ ಬೀಗವೇ ಇರಲಿಲ್ಲ. ನಾವು ಮಕ್ಕಳು ಹಸಿದು ಕೆಳಗಿಳಿದು, ಅವರ ಸೇಬು ನೋಡಿ, ಮುಟ್ಟದೆ ಮೇಲೆ ಬರುತ್ತಿದ್ದೆವು. ಮರುದಿನ ಅವರೇ ತಂದುಕೊಡುತ್ತಿದ್ದರು. ಇದನ್ನು ಕಾಂಕ್ರೀಟಿನಲ್ಲಿ ಹೂಳುವುದು ನನಗೆ ಆಗುವುದಿಲ್ಲ."

ಈ ಸಲ ನಾನು ಕಪ್ಪಿನಿಂದ ಬಾಯಿ ತೆಗೆದಿರಲಿಲ್ಲ. ಓಣಿಯ ನಡುವಿನ ನಮ್ಮ ಹಗೇವುಗಳಿಗೂ ಯಾವ ಬೀಗವಿತ್ತು? ಇದನ್ನು ಉಳಿಸಲೇಬೇಕು ಎಂದುಕೊಂಡೆ.

ವಾಪಸು ಬರುವಾಗ ಕಾರಿನಲ್ಲಿ, ನನ್ನ ಜೊತೆ ಬಂದಿದ್ದ ಸ್ಮಿತಾ ತಣ್ಣೀರು ಎರಚಿದಳು. ಆಗ ಅವಳದು ಮೊದಲ ವರ್ಷ. "ಆಂಟಿ, ಸೀರಿಯಸ್ಲಿ, ಅದೊಂದು ಖಾಲಿ ಗುಂಡಿ. ತುಂಬಾ ಹಳೇದೂ ಅಲ್ಲ, ಫೇಮಸ್ ಆರ್ಕಿಟೆಕ್ಟ್ ಕಟ್ಟಿದ್ದೂ ಅಲ್ಲ. ಫಾರ್ಮಲ್ಲಿ ಟಿಕ್ ಮಾಡೋಕೆ ಒಂದು ಬಾಕ್ಸೂ ಸಿಗಲ್ಲ. ಡೆವಲಪರ್ ಕಡೆಯವ್ರು ನಮ್ ರಿಪೋರ್ಟ್ ಓದಿ ನಗ್ತಾರೆ."

ಅವಳು ಹೇಳಿದ್ದು ಸರಿಯಾಗಿತ್ತು. ಡೆವಲಪರ್ ಕಡೆಯ ವರದಿಯಲ್ಲಿ, "ಬಳಕೆಯಲ್ಲಿಲ್ಲದ ಖಾಲಿ ರಚನೆ" ಎಂದು ಆಗಲೇ ಬರೆದಾಗಿತ್ತು. ಎರಡು ದಿನ ಯೋಚಿಸಿ ತಲೆ ಬಿಸಿಯಾದ ಮೇಲೆ ನನಗೆ ಹೊಳೆಯಿತು. ಖಾಲಿ ಎನ್ನುತ್ತಾರಾದರೆ ತುಂಬಿಸೋಣ. ತೀರ್ಮಾನ ಮಾಡುವ ಮೂವರ ಪ್ಯಾನೆಲ್ ವಸಂತದಲ್ಲಿ ಸೇರುವುದಿತ್ತು, ಆಗಿನ್ನೂ ಶರತ್ಕಾಲ, ಆಲೂಗಡ್ಡೆ ಅಗೆಯುವ ಹೊತ್ತು. ಆಫೀಸಿನಲ್ಲಿ ಅನುಮತಿ ಕೇಳಿದರೆ ಯಾರೂ ಕೊಡುವುದಿಲ್ಲ ಎಂದು ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಆಗಿನ್ನೂ ಮಾಳಿಗೆ ಇದ್ದದ್ದು ಮಾರ್ಗರೆಟ್ ಅವರ ಸ್ವಾಧೀನದಲ್ಲಿ, ಗಡ್ಡೆ ಇಡುವವರೂ ಅವರೇ. ನಾವು ರಜೆಯ ದಿನ ಸಹಾಯಕ್ಕೆ ಹೋಗುವ ಅಕ್ಕಪಕ್ಕದವರು.

ಆ ಚಳಿಗಾಲ ನನ್ನ ವೃತ್ತಿಜೀವನದಲ್ಲೇ ಅತಿ ಸಂತೋಷದ ಕಾಲ. ಮಾರ್ಗರೆಟ್‌ಗೆ ಮೆಟ್ಟಿಲು ಇಳಿಯಲಾಗದು. ಮೇಲೆ ಕುರ್ಚಿ ಹಾಕಿಕೊಂಡು, ಕಾಲಿಗೆ ಕಂಬಳಿ ಸುತ್ತಿಕೊಂಡು, ಅಲ್ಲಿಂದಲೇ ಕೂಗುತ್ತಿದ್ದರು. ಗಜ್ಜರಿಯನ್ನು ತೊಳೆಯಬೇಡ, ಒದ್ದೆ ಮರಳಿನಲ್ಲಿ ಮಲಗಿಸು, ಒಂದಕ್ಕೊಂದು ತಾಕಬಾರದು. ಗಾಯವಾದ ಆಲೂಗಡ್ಡೆ ಇವತ್ತೇ ಅಡಿಗೆಗೆ. ಆಲೂಗಡ್ಡೆಯ ಹತ್ತಿರ ಸೇಬು ಇಟ್ಟೀಯ, ಎಲ್ಲ ಮೊಳಕೆಯೊಡೆಯುತ್ತದೆ. ಸ್ಮಿತಾ ಕೆಳಗೆ ಮರಳಿನಲ್ಲಿ ಮಂಡಿಯೂರಿ, "ಆಂಟಿ, ಮಾಸ್ಟರ್ಸ್ ಮಾಡಿದ್ದು ಇದಕ್ಕೇನಾ" ಎಂದು ಗೊಣಗುತ್ತಿದ್ದಳು. ಎರಡನೆಯ ವಾರದಿಂದ ಅವಳೇ ನನಗಿಂತ ಮೊದಲು ಬಂದಿರುತ್ತಿದ್ದಳು.

ಸುದ್ದಿ ಹೇಗೋ ಹರಡಿ, ಆ ಐದು ಮನೆಗಳಲ್ಲಿ ಉಳಿದಿದ್ದ ಎರಡು ಮನೆಯವರು ತಮ್ಮ ಹಲಗೆಗೆ ಕುಂಬಳ, ಟರ್ನಿಪ್ ತಂದರು. ಯಾವ ಹಲಗೆ ಯಾರದು ಎಂದು ಇಬ್ಬರಿಗೂ ಇನ್ನೂ ಜಗಳವಾಡುವಷ್ಟು ನೆನಪಿತ್ತು. ನಾನು ಆ ಜಗಳವನ್ನೆಲ್ಲ ರೆಕಾರ್ಡ್ ಮಾಡಿಕೊಂಡೆ. ಕೊಳವೆಯ ಮುಚ್ಚಳವನ್ನು ಚಳಿ ಬಿದ್ದಾಗ ತೆರೆಯಬೇಕು, ಬಿಸಿಲೇರುವ ಮುಂಚೆ ಹಾಕಬೇಕು. ತೆರೆಯುವ ಪಾಳಿ ಮಾರ್ಗರೆಟ್ ಅವರದು, ಹಗ್ಗ ಎಳೆದರೆ ಸಾಕಿತ್ತು. ಬೆಳಿಗ್ಗೆ ಹಾಕುವ ಪಾಳಿ ಆಫೀಸಿಗೆ ಹೋಗುವ ದಾರಿಯಲ್ಲಿ ನನ್ನದು. ಕೆನ್‌ನ ಚೀಲ ನೆನಪಾಗಿ ಒಂದು ದಿನವೂ ತಪ್ಪಿಸಲಿಲ್ಲ.

ವಸಂತ ಬಂತು, ಪ್ಯಾನೆಲ್ ಬಂತು. ಹೊರಗೆ ಆ ದಿನ ಕಾಲವಲ್ಲದ ಕಾಲದಲ್ಲಿ ಬೆವರಿಳಿಯುವ ಸೆಕೆ. ಡೆವಲಪರ್ ಕಡೆಯ ಯುವಕ ನೆರಳಿನಲ್ಲಿ ನಿಂತು ತನ್ನ ವರದಿಯನ್ನೇ ಓದಿದ, ಪಾಪ, ಅವನು ಇಳಿದೇ ಇರಲಿಲ್ಲ. ಪ್ಯಾನೆಲಿನ ಅಧ್ಯಕ್ಷೆ ಒಬ್ಬಳೇ ಕೆಳಗಿಳಿದಳು. ತುಂಬ ಹೊತ್ತು ಮೇಲೆ ಬರಲಿಲ್ಲ. ಆಮೇಲೆ ಕೆಳಗಿನಿಂದ ಟಕ್ ಎಂದು ಒಂದು ಸದ್ದು ಕೇಳಿಸಿತು. ಮರಳಿನಿಂದ ಗಜ್ಜರಿ ತೆಗೆದು ಮುರಿದಿದ್ದಳು. ಶರತ್ಕಾಲದಲ್ಲಿ ಇಟ್ಟ ಗಜ್ಜರಿ. ಮೇಲೆ ಕುರ್ಚಿಯಲ್ಲಿದ್ದ ಮಾರ್ಗರೆಟ್ ಕಣ್ಣು ಮುಚ್ಚಿಕೊಂಡು ನಕ್ಕರು. ನನಗೆ ಅಳು ಬಂದು ಆಚೆ ತಿರುಗಿದೆ.

ಕೆಲವು ವಾರಗಳ ಮೇಲೆ ತೀರ್ಮಾನದ ಪತ್ರ ಬಂತು. ಚರಂಡಿಯನ್ನು ಪಕ್ಕಕ್ಕೆ ಸರಿಸುವುದು, ಮಾಳಿಗೆಯನ್ನು ಸಣ್ಣ ಪಾರ್ಕಿನೊಳಗೆ ಉಳಿಸುವುದು. ನಾನು ಆಫೀಸಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕಾರು ಓಡಿಸಿಕೊಂಡು ಹೋಗಿ ಮಾರ್ಗರೆಟ್‌ಗೆ ಓದಿ ಹೇಳಿದೆ. ಕಾರಣವನ್ನು ಹೀಗೆ ಬರೆದಿದ್ದರು: ಈ ಮಾಳಿಗೆಯ ಮೌಲ್ಯ ಅದರ ಕಲ್ಲಿನಲ್ಲಿಲ್ಲ, ಅದನ್ನು ನಡೆಸುವ ತಿಳಿವಳಿಕೆ ಮಾರ್ಗರೆಟ್ ಅವರಲ್ಲಿ ಇನ್ನೂ ಜೀವಂತವಾಗಿದೆ ಎಂಬುದರಲ್ಲಿದೆ.

ಮಾರ್ಗರೆಟ್ ಖುಷಿಪಡುತ್ತಾರೆಂದು ಕಾದೆ. ಅವರು ಮತ್ತೊಮ್ಮೆ ಓದಿಸಿದರು. ಆಮೇಲೆ, "ಹಾಗಾದರೆ ನಾನು ಸತ್ತ ದಿನ ಮುಚ್ಚಬಹುದು" ಎಂದರು.

ಅಷ್ಟು ವರ್ಷ ಕೆಲಸ ಮಾಡಿದವಳಿಗೆ ಆ ವಾಕ್ಯದ ಮುಂದಿನ ಹೆಜ್ಜೆ ಕಂಡಿರಲಿಲ್ಲ, ಮುದುಕಿಗೆ ಎರಡು ಸಲ ಕೇಳಿದ್ದಕ್ಕೇ ಕಂಡಿತು. ನಾನು ನಿಜವಾಗಿಯೂ ಹೆದರಿದೆ.

ಅವರು ಕ್ಲೈಡ್ ನಾರ್ತ್‌ಗೆ ಹೊರಡುವ ಹಿಂದಿನ ದಿನ, ಉಳಿದದ್ದನ್ನು ಜೋಡಿಸಲು ಸ್ಮಿತಾ ಮತ್ತು ನಾನು ಹೋಗಿದ್ದೆವು. ಅವಳು ಕೆಳಗೆ, ನಾನು ಕುರ್ಚಿಯ ಪಕ್ಕದಲ್ಲಿ. ಮಾರ್ಗರೆಟ್ ಬಗ್ಗಿ ಕೂಗಿದರು: "ಆ ಸೇಬಿನ ಪೆಟ್ಟಿಗೆಯನ್ನು ಕೆಳಗಿನ ಹಲಗೆಗೆ ಇಡು, ಆಲೂಗಡ್ಡೆಯ ಪಕ್ಕ. ಜಾಗ ಉಳಿಯುತ್ತದೆ."

ನಾನು ದಂಗಾಗಿ ಅವರ ಮುಖ ನೋಡಿದೆ. ಅವರು ನನ್ನತ್ತ ನೋಡಲಿಲ್ಲ. ಕೆಳಗೆ ಪೆಟ್ಟಿಗೆ ಎಳೆಯುವ ಸದ್ದು ನಿಂತಿತು. ಎಂಬತ್ತು ದಾಟಿದ ಹೆಂಗಸಿಗೆ, ಅದೂ ಹೊರಡುವ ಮುನ್ನಾದಿನ, ಎದುರು ಮಾತಾಡುವುದು ಹೇಗೆಂದು ಅವಳು ಯೋಚಿಸುತ್ತಿದ್ದಿರಬೇಕು.

"ಇಲ್ಲ ಮಾರ್ಗರೆಟ್, ಇಡುವುದಿಲ್ಲ" ಎಂದಳು ಸ್ಮಿತಾ ಕೆಳಗಿನಿಂದ. "ಸೇಬು ಪಕ್ಕದಲ್ಲಿದ್ದರೆ ಆಲೂಗಡ್ಡೆ ಮೊಳಕೆಯೊಡೆಯುತ್ತದೆ. ಬಾಗಿಲ ಬಳಿ ಇಟ್ಟಿದ್ದೇನೆ. ನೀವು ಎಷ್ಟು ಹೇಳಿದರೂ ಇಡುವುದಿಲ್ಲ."

ಮಾರ್ಗರೆಟ್ ಕುರ್ಚಿಗೆ ಒರಗಿ, ಕಂಬಳಿ ಸರಿಮಾಡಿಕೊಂಡು, ನನ್ನ ಕೈ ಹಿಡಿದರು.

"ಇನ್ನು ನಾನು ಸತ್ತರೂ ಅವರಿಗೆ ಮಾಳಿಗೆ ಮುಚ್ಚಲಾಗದು" ಎಂದರು.